ಓಡಿದ ಅಚ್ಚುಯಂತ್ರ

ನಮ್ಮ ಹಳೆಯ ಯಂತ್ರಗಳ ಸಂಗ್ರಹಾಲಯದಲ್ಲಿ ಯಾವ ಯಂತ್ರವೂ ಕೆಲಸ ಮಾಡುವುದಿಲ್ಲ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ಹೆಮ್ಮೆಯಿಂದ ತರಲಾಗಿದೆ. ಸಾರ್ವಜನಿಕರೇ ಬರುತ್ತಿರಲಿಲ್ಲ, ಆ ಮಾತು ಬೇರೆ. ಇಲ್ಲಿನ ಗುಮಾಸ್ತನಾಗಿ ಈ ಶಾಂತಿಯನ್ನು ಕಾಪಾಡಿಕೊಂಡು ಬಂದವನು ನಾನೇ.

ಅದನ್ನು ಕೆಡಿಸಿದ್ದು ಎಣ್ಣೆಯಣ್ಣ. ಯಂತ್ರಗಳ ಧೂಳು ಒರೆಸಿ ಎಣ್ಣೆ ಬಿಡುವುದು ಅವನ ಕೆಲಸ. ಮೂಲೆಯಲ್ಲಿದ್ದ, ಕಾಲಲ್ಲಿ ತುಳಿಯುವ ಅಚ್ಚುಯಂತ್ರದ ಮೇಲೆ ಅವನಿಗೆ ವಿಪರೀತ ಮಮಕಾರ. ಅವನಪ್ಪ ಅದನ್ನು ತುಳಿದೇ ಮಕ್ಕಳನ್ನು ಸಾಕಿದ್ದು. ಒಂದು ಬೆಳಿಗ್ಗೆ ಅದು ಗಡಗಡ ಎಂದು ಶುರುವಾಗಿಬಿಟ್ಟಿತು. ಎಣ್ಣೆಯಣ್ಣ ಕಣ್ಣೊರೆಸಿಕೊಳ್ಳುತ್ತ ತುಳಿಯುತ್ತಲೇ ಇದ್ದ. ಸುಳ್ಳೇಕೆ, ನನಗೂ ಖುಷಿಯಾಯಿತು. ಆ ಖುಷಿಯಲ್ಲೇ ಕೇಂದ್ರ ಕಚೇರಿಗೆ ಫೋನ್ ಮಾಡಿದೆ.

“ಸಾರ್, ಅಚ್ಚುಯಂತ್ರ ಓಡಿತು.”

ಆ ಕಡೆಯ ಸಾಹೇಬರು ಕೇಳಿದರು: “ಯಾವ ಕಡೆ?”

“ಯಾವ ಕಡೆಗೂ ಇಲ್ಲ ಸಾರ್, ನಿಂತಲ್ಲೇ ಓಡ್ತಿದೆ.”

“ನಿಂತಿದೆಯೋ ಓಡ್ತಿದೆಯೋ, ಯಾವುದಾದ್ರೂ ಒಂದು ಹೇಳ್ರಿ.”

ಓಡ್ತಿದೆ ಎಂದೆ. ಮಧ್ಯಾಹ್ನದೊಳಗೆ ಆದೇಶ ಬಂತು: ‘ಓಡಿಹೋದ ವಸ್ತು ಸಿಗುವ ತನಕ, ಅದನ್ನು ಓಡಿಸಿದವರು ಸಂಗ್ರಹಾಲಯದೊಳಗೆ ಕಾಲಿಡತಕ್ಕದ್ದಲ್ಲ.’ ಎಣ್ಣೆಯಣ್ಣ ಡಬ್ಬಿ ಹಿಡಿದುಕೊಂಡೇ ಗೇಟಿನಾಚೆ ಹೋಗಿ ನಿಂತ. ಅವನ ಮನೆಯಲ್ಲಿ ಒಲೆ ಉರಿಯುವುದು ಈ ಕೆಲಸದಿಂದಲೇ. ಆದರೆ ಆದೇಶ ಆದೇಶವೇ, ನಾನೇ ಗೇಟು ಹಾಕಿದೆ.

ತನಿಖಾಧಿಕಾರಿ ಬಂದರು. ಬೆಂಚಿನ ಕೆಳಗೆ ಬಗ್ಗಿ ನೋಡಿದರು, ಕಿಟಕಿಯ ಅಗಲ ಅಳೆದರು, ಕಾವಲುಗಾರನನ್ನು “ಅವತ್ತು ತೂಕಡಿಸ್ತಿದ್ಯಾ?” ಎಂದು ಗದರಿಸಿದರು. ಕೊನೆಗೆ ಸುಸ್ತಾಗಿ ಒರಗಿಕೊಂಡರು.

“ಸಾರ್, ನೀವು ಒರಗಿರೋದೇ ಆ ಯಂತ್ರ,” ಎಂದೆ.

“ಓಡಿದ್ದು ಇಲ್ಲಿ ಹೇಗಿರುತ್ತೇರಿ?”

ಗೇಟಿನಾಚೆಯಿಂದ ಎಣ್ಣೆಯಣ್ಣ ತಡೆಯಲಾರದೆ ಕೂಗಿ ಹೇಳಿದ: “ಓಡೋದು ಅಂದ್ರೆ ತಿರುಗೋದು, ಸ್ವಾಮಿ.”

“ಓ, ತಿರುಗೋಕೆ ಹೋಗಿತ್ತಾ. ಮೊದಲೇ ಹೇಳಬಾರದೇನ್ರಿ. ಅಂದ್ರೆ ವಾಪಸ್ ಬಂದಿದೆ.”

ಪ್ರಕರಣ ಇತ್ಯರ್ಥವಾಯಿತು. ಷರತ್ತು ಇಷ್ಟೇ: ಯಂತ್ರದ ತುಳಿಯುವ ಹಲಗೆಗೆ ಸರಪಳಿ ಹಾಕಿ ಕಂಬಕ್ಕೆ ಕಟ್ಟತಕ್ಕದ್ದು, ಅದು ಓಡಿಹೋಗಿತ್ತೆಂದು ಓಡಿಸಿದವನು ಎಲ್ಲರೆದುರು ಒಪ್ಪಿಕೊಳ್ಳತಕ್ಕದ್ದು. ಒಪ್ಪದಿದ್ದರೆ ಗೇಟಿನಾಚೆಯೇ ಕಾಯಂ. ಎಣ್ಣೆಯಣ್ಣ ಯಂತ್ರದ ಕಡೆ ನೋಡಿದ, ನನ್ನ ಕಡೆ ನೋಡಿದ. ನಾನು ಸೀಲು ಹುಡುಕತೊಡಗಿದೆ.

“ಓಡಿಹೋಗಿತ್ತು,” ಎಂದ. ಸರಪಳಿಯನ್ನೂ ಅವನ ಕೈಯಿಂದಲೇ ಹಾಕಿಸಲಾಯಿತು.

ಸುದ್ದಿ ಹಬ್ಬಿತು. ಈಗ ಬಾಗಿಲು ತೆಗೆಯುವ ಮೊದಲೇ ಜನ ಸಾಲುಗಟ್ಟುತ್ತಾರೆ. ‘ಒಮ್ಮೆ ಓಡಿಹೋಗಿದ್ದ ಯಂತ್ರ. ದೂರ ನಿಲ್ಲಿ’ ಎಂಬ ಫಲಕವಿದೆ. ಅದು ಯಾವ ಕಿಟಕಿಯಿಂದ ಹಾರಿತೆಂದು ಎಣ್ಣೆಯಣ್ಣನೇ ತೋರಿಸುತ್ತಾನೆ, ಬಹಳ ಚೆನ್ನಾಗಿ ತೋರಿಸುತ್ತಾನೆ. ಎಣ್ಣೆ ಬಿಡುವುದನ್ನು ಮಾತ್ರ ನಿಷೇಧಿಸಲಾಗಿದೆ.

ನಿನ್ನೆ ಒಬ್ಬ ಅಜ್ಜಿ ಸರಪಳಿಯನ್ನು ಮುಟ್ಟಿ ನೋಡಿ ಕೇಳಿದರು: “ಈಗಲೂ ಓಡುತ್ತೇನಪ್ಪ?”

ಎಣ್ಣೆಯಣ್ಣ ಖಾಲಿ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿಕೊಂಡ.

“ಇಲ್ಲಮ್ಮ,” ಎಂದ, “ಈಗ ಅದಕ್ಕೂ ಬುದ್ಧಿ ಬಂದಿದೆ.”