ಟವಲ್ಲಿನ ಅಡಿಯಲ್ಲಿ ಗ್ರಾಫಿಕ್ಸ್ ಕಾರ್ಡು

ಹುಣಸೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನೇ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಟ್ಟು, ಒಳಗೆ ಕೂತು, "ಕುಡಿಯಕ್ಕೆ ನೀರಿದ್ರೆ ಕೊಡಿ" ಅನ್ನುತ್ತದೆ. ನಾನು ಕಟ್ಟಿದ ಮೊದಲ ಗೇಮಿಂಗ್ ಕಂಪ್ಯೂಟರಿನ ಕಥೆಯೂ ಹೀಗೇ ಶುರುವಾಯಿತು.

ಡಬ್ಬ ದೊಡ್ಡದು, ದುಡ್ಡು ಕಮ್ಮಿ

ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ರೈತರೊಬ್ಬರು ಬಿ.ಕಾಂ. ಓದುವ ಮಗಳನ್ನು ಕರೆದುಕೊಂಡು ಬಂದರು. ನನ್ನನ್ನು ನೋಡಿ, "ಯಜಮಾನ್ರು ಇಲ್ವಾ?" ಅಂದರು.

"ನಾನೇ."

"ಅದ್ಸರಿ ಕಣವ್ವ, ಕಂಪ್ಯೂಟ್ರು ಬಿಚ್ಚೋರು?"

"ಅದೂ ನಾನೇ."

ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಉತ್ತರ ಸ್ವಲ್ಪ ಖಾರವಾಗಿಯೇ ಬರುತ್ತದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಸ್ಟೂಲು ಎಳೆದುಕೊಂಡು ಕೂತರು.

ವಿಷಯ ಹೇಳಿದ್ದು ಮಗಳು. ಅವಳ ಕಾಲೇಜಿನವರದು ಒಂದು ಗೇಮಿಂಗ್ ತಂಡ. ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಗುಂಡು ಹಾರಿಸುವ ಆಟ. ತಂಡದಲ್ಲಿ ಇವಳೊಬ್ಬಳೇ ಹುಡುಗಿ. ಮನೆಯ ಹಳೇ ಕಂಪ್ಯೂಟರು ಆಟದ ನಡುವೆ ನಿಂತುಹೋಗಿ ಆಗಲೇ ಒಂದು ಪಂದ್ಯ ಸೋತಿದ್ದರು. "ಬರೋ ತಿಂಗಳ ಪಂದ್ಯದಲ್ಲೂ ಹಂಗಾದ್ರೆ ನನ್ನ ತೆಗೆದು ಬೇರೆಯವ್ರನ್ನ ಹಾಕ್ಕೋತಾರೆ ಅಕ್ಕಾ" ಅಂದಳು. ಆ ಹುಡುಗಿಯ ಮುಖ ನೋಡಿ ನನ್ನ ಖಾರ ಇಳಿಯಿತು.

ಅಪ್ಪ ಒಂದು ಮೊತ್ತ ಹೇಳಿ, "ಇದ್ರ ಮ್ಯಾಲೆ ಒಂದ್ ಪೈಸಾನೂ ಇಲ್ಲ" ಅಂದರು. ನಾನು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟು ಬೆಲೆ ಹೇಳುತ್ತಾ ಬಂದೆ. ಕ್ಯಾಬಿನೆಟ್ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಅಗ್ಗ. ಆಟದ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು ಕಂಕುಳಲ್ಲಿ ಇಟ್ಟುಕೊಳ್ಳುವಷ್ಟು, ಆದರೆ ಅರ್ಧ ದುಡ್ಡು ಅದಕ್ಕೇ. ಅವರು ಎರಡನ್ನೂ ಎತ್ತಿ ನೋಡಿ, ಬಹಳ ಹೊತ್ತು ಯೋಚನೆ ಮಾಡಿ ತೀರ್ಮಾನ ಕೊಟ್ಟರು.

"ಆ ಚಿಕ್ಕುದ್ದು ಬ್ಯಾಡ ಬುಡಿ. ಈ ದೊಡ್ ಡಬ್ಬಾನೇ ಎರಡು ಕೊಡಿ."

ಜೊತೆ ಎತ್ತು

ಬಜೆಟ್ಟಿಗೆ ಹೊಂದಲಿ ಅಂತ, "ಈಗ ಒಂದು ರ‍್ಯಾಮ್ ಹಾಕೋಣ, ಇನ್ನೊಂದು ಆಮೇಲೆ ಹಾಕಿಸ್ಕೊಳ್ಳಿ. ಎರಡಿದ್ರೆ ಓಟ ಚೆನ್ನಾಗಿರುತ್ತೆ, ಆದ್ರೆ ಒಂದರಲ್ಲೂ ನಡೆಯುತ್ತೆ" ಅಂದೆ.

ರೈತರಿಗೆ ಅವಮಾನವಾದ ಹಾಗಾಯಿತು. "ಒಂಟಿ ಎತ್ತಿಗೆ ನೊಗ ಕಟ್ಟಾದಾ? ನಮ್ ಮನೇಲಿ ಅಂಗೆಲ್ಲಾ ಇಲ್ಲ. ಜೊತೆ ಹಾಕಿ."

ಮಗಳು ಖುಷಿಯಿಂದ ಕುಣಿದಳು. ಅವಳಿಗಾಗಿ ನಾನು ಬಣ್ಣದ ಲೈಟುಗಳ ಕ್ಯಾಬಿನೆಟ್ ಬಿಟ್ಟು ಸಾದಾದ್ದು ಹಾಕಿ ಲೆಕ್ಕ ಸರಿಹೊಂದಿಸಿದೆ. ಪಕ್ಕದಲ್ಲಿ ಗಾಜು, ಒಳಗೆ ಶಾಖ ಎಷ್ಟಿದೆ ಎಂದು ತೋರಿಸುವ ಪುಟ್ಟ ಪರದೆ, ಅಷ್ಟೇ ಸಿಂಗಾರ. ಎಲ್ಲ ಮುಗಿಯಿತು ಅಂದುಕೊಳ್ಳುವಾಗ ಅಪ್ಪನ ಕಣ್ಣು ಮತ್ತೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಿತ್ತು.

"ಇದ್ರ ಜೊತೆ ಎಲ್ಲಿ?"

ಮಗಳು ತಲೆಯ ಮೇಲೆ ಕೈ ಹೊತ್ತಳು. "ಅಪ್ಪಾ, ಅದು ಎತ್ತಲ್ಲ. ಅದು ಬಸವ. ಊರಿಗೆ ಒಂದೇ ಇರೋದು!"

ಟವಲ್ಲು

ಇನ್ನು ಚೌಕಾಸಿ. ಅಷ್ಟರಲ್ಲಿ ಜೆರಾಕ್ಸಿಗೆ ಬಂದವರು ಬೆಂಚಿನ ತುಂಬ ಕೂತಿದ್ದರು. ಆಟದ ಸಾಮಾನಿಗೆ ಇಷ್ಟು ಕೊಟ್ಟರಂತೆ ಎಂದು ಊರಿಗೆ ಗೊತ್ತಾಗುವುದು ರೈತರಿಗೆ ಇಷ್ಟವಿರಲಿಲ್ಲ. ಹೆಗಲ ಟವಲ್ಲು ತೆಗೆದು ಮೇಜಿನ ಮೇಲೆ ಹರಡಿದರು. ದನದ ಜಾತ್ರೆಯಲ್ಲಿ ಹಾಗೆ. ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದರೆ ಬೆಲೆ, ಬಿಟ್ಟರೆ ಇಳಿಕೆ, ಬಾಯಲ್ಲಿ ಮಾತಿಲ್ಲ. ನಮ್ಮಪ್ಪ ಎತ್ತಿನ ವ್ಯಾಪಾರಿ, ಹಾಗಾಗಿ ಆ ಭಾಷೆ ನನಗೂ ಬರುತ್ತದೆ.

ಆದರೆ ಹೆಂಗಸಿನ ಕೈ ಹಿಡಿಯುವುದು ಹೇಗೆ? ಅದಕ್ಕೂ ದಾರಿ ಹುಡುಕಿದರು. ಮಗಳನ್ನೇ ದಲ್ಲಾಳಿ ಮಾಡಿದರು. "ನಾನು ಕಣ್ ಸನ್ನೆ ಮಾಡ್ತೀನಿ. ಒಂದ್ಸಲ ಮಿಟುಕಿಸಿದ್ರೆ ಒಂದ್ ಬೆರಳು ಬುಡು."

ಅಪ್ಪ ಕಣ್ಣು ಮಿಟುಕಿಸಿದರು. ಟವಲ್ಲಿನ ಅಡಿಯಲ್ಲಿ ಮಗಳು ಒಂದು ಬೆರಳನ್ನೂ ಬಿಡಲಿಲ್ಲ. ಇನ್ನೊಮ್ಮೆ ಮಿಟುಕಿಸಿದರು. ಅವಳು ನನ್ನ ಐದೂ ಬೆರಳನ್ನು ಹಿಡಿದು ಹಿಸುಕಿದಳು. ಅವಳ ಭಯ ನನಗೆ ಅರ್ಥವಾಯಿತು. ಬೆಲೆ ಇಳಿದರೆ ನಾನೆಲ್ಲಿ ಕಾರ್ಡು ಬದಲಾಯಿಸಿ ಅಗ್ಗದ್ದು ಹಾಕುತ್ತೇನೋ ಅಂತ.

"ಎಂಗೆ, ಬಗ್ಗುದ್ರಾ?" ಅಂದರು ಅಪ್ಪ, ಮೀಸೆ ತಿರುವುತ್ತಾ.

"ಬಗ್ಗಿದ್ರು ಅಪ್ಪಾ."

ಬಿಲ್ಲು ನೋಡಿದಾಗ ಮೀಸೆ ಬಗ್ಗಿತು. ಜೋಡಿಸಿದ ಕೂಲಿಯನ್ನು ನಾನೇ ಬಿಟ್ಟುಕೊಟ್ಟ ಮೇಲೆ ಸಮಾಧಾನವಾಯಿತು. ಹೊರಡುವಾಗ ಮಗಳಿಗೆ ಹೇಳಿದರು, "ಇನ್ಮ್ಯಾಲೆ ಎತ್ತು ಮಾರಕ್ಕೆ ಹೋದ್ರೆ ನಿನ್ನೇ ಕರ್ಕೊಂಡ್ ಹೋಯ್ತೀನಿ. ಕೊಳ್ಳಕ್ಕೆ ಹೋಗಾಗ ಮಾತ್ರ ಮನೇಲಿರವ್ವ."

ಬೇಯುವುದು ಏನು

ವಾರ ಕಳೆಯುವುದರಲ್ಲಿ ಮಗಳ ಫೋನು. "ಅಕ್ಕಾ, ಸ್ವಲ್ಪ ಹೊತ್ತು ಆಡಿದ್ರೆ ಪಟ್ ಅಂತ ಆಫ್ ಆಗುತ್ತೆ."

ಅಪ್ಪ ಟ್ರ್ಯಾಕ್ಟರಿನಲ್ಲಿ ತಂದರು. ಹೊಗೆಸೊಪ್ಪಿನ ಮೂಟೆಯ ಹಾಗೆ ಗೋಣಿತಾಟು ಸುತ್ತಿ, ದಬ್ಬಳದಲ್ಲಿ ಹೊಲಿದಿತ್ತು. ಎಷ್ಟು ಜೋಪಾನ ಅಂತ ಮೆಚ್ಚಿಕೊಂಡೇ ಹೊಲಿಗೆ ಬಿಚ್ಚಿದೆ. ಅಂಗಡಿಯಲ್ಲಿ ದಿನವಿಡೀ ಓಡಿತು. ಮನೆಗೆ ಹೋದರೆ ಮತ್ತೆ ಆಫ್. ಪವರ್ ಸಪ್ಲೈ ಬದಲಿಸಿದೆ. ಊರಿನ ಕರೆಂಟನ್ನು ಬೈದೆ. ನನ್ನ ಹಣೆಬರಹವನ್ನೂ ಬೈದೆ. ಮೊದಲ ಗೇಮಿಂಗ್ ಕಂಪ್ಯೂಟರೇ ಹೀಗಾದರೆ ಇನ್ನೊಬ್ಬರು ಬರುತ್ತಾರಾ?

ಪಂದ್ಯದ ಹಿಂದಿನ ದಿನ ಮಗಳು ಫೋನಿನಲ್ಲಿ ಅತ್ತೇಬಿಟ್ಟಳು. ನಾನು ಸ್ಕೂಟರ್ ಹತ್ತಿ ಅವರ ಊರಿಗೇ ಹೋದೆ.

ಕಂಪ್ಯೂಟರು ಮೇಜಿನ ಕೆಳಗೆ, ಗೋಣಿತಾಟಿನಲ್ಲೇ ಇತ್ತು! ಮುಂದೆ, ಹಿಂದೆ, ಮೇಲೆ ಎಲ್ಲ ಕಡೆ ಬಿಗಿಯಾದ ಹೊಲಿಗೆ. ಗಾಜಿನ ಕಡೆ ಮಾತ್ರ, ಶಾಖದ ಪರದೆ ಕಾಣುವಷ್ಟು ಕಿಂಡಿ. ಮಗಳು, "ಧೂಳಿಗೆ ಅಂತ ಅಪ್ಪ ಹೊಲಿದವ್ರೆ ಅಂದ್ಕೊಂಡಿದ್ದೆ ಅಕ್ಕಾ" ಅಂದಳು.

ಅಪ್ಪ ಹೆಮ್ಮೆಯಿಂದ ಮುಂದೆ ಬಂದರು. ಹೊಗೆಸೊಪ್ಪನ್ನು ಶಾಖದಲ್ಲಿ ಬೇಯಿಸಿ ಒಣಗಿಸುವ ಕೋಣೆ, ಬ್ಯಾರನ್ನಿಗೂ ಹೀಗೇ ಒಂದು ಗಾಜಿನ ಕಿಂಡಿ. ಒಳಗಿನ ಶಾಖ ಇಳಿಯದ ಹಾಗೆ ಕಿಂಡಿಯಲ್ಲಿ ನೋಡುತ್ತಾ ಕೂರುವುದೇ ಅವರ ಜನ್ಮದ ಕೆಲಸ. "ತಂದ್ ದಿವ್ಸ ಶಾಖ ಏರ್ತಾನೇ ಇರ್ನಿಲ್ಲ ಕಣವ್ವ. ಎಲ್ಲಾ ಕಡೆ ತೂತು, ಗಾಳಿ ಸೋರ್ತಿತ್ತು. ಭದ್ರ ಮಾಡ್ದೆ. ಈಗ ನೋಡಿ, ಎಂಗೆ ಏರ್ತದೆ!"

"ಅಣ್ಣಾ, ಶಾಖ ಹೊರಗೆ ಹೋಗ್ಲಿ ಅಂತಾನೇ ಆ ತೂತು ಇರೋದು! ಇದು ಬ್ಯಾರನ್ ಅಲ್ಲ!"

ಅವರು ತಲೆ ಕೆರೆದುಕೊಂಡರು. "ಅಂಗಾರೆ ನಾನು ಇಷ್ಟು ದಿನ ಶಾಖ ಕಟ್ಟಿ ಬೇಯ್ಸಿದ್ದೇನು?"

ಮಗಳು ಕಿರುಚಿದಳು, "ನನ್ನ, ಅಪ್ಪಾ! ನನ್ನ!"

ಹಂದಿ ಅಂಕಲ್

ಮರುದಿನ ಭಾನುವಾರ, ಪಂದ್ಯ. ಅಂಗಡಿಗೆ ಬೀಗ ಹಾಕಿ ಮತ್ತೆ ಅಲ್ಲಿಗೇ ಹೋದೆ. ನನ್ನ ಮಾನವೂ ಆ ಡಬ್ಬದೊಳಗಿತ್ತಲ್ಲ. ಮಗಳು ಸ್ಪೀಕರ್ ಹಾಕಿಕೊಂಡು ಕೂತಳು, ಎದುರಿಗೆ ಮೈಕು. ಗೋಣಿ ಕಳಚಿಕೊಂಡ ಕಂಪ್ಯೂಟರು ನಿಲ್ಲದೆ ಓಡಿತು. ಆದರೂ ಎದುರು ತಂಡ ಜೋರಾಗಿತ್ತು, ಇವರು ಸೋಲುವ ಹಂತಕ್ಕೆ ಬಂದರು.

ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. ಹೊಲಕ್ಕೆ ಬರುವ ಕಾಡುಹಂದಿಗಾಗಿ ರಾತ್ರಿಯೆಲ್ಲ ಕಾವಲು ಕೂತ ಕಣ್ಣು. ಇದ್ದಕ್ಕಿದ್ದಂತೆ ಕೂಗಿದರು, "ಎಡಗಡೆ ಕಣವ್ವ! ಪೊದೆ ಅಲ್ಲಾಡ್ತಾ ಐತೆ, ಹಂದಿ ಕೂತದೆ! ಹೊಡಿ!"

ಮೈಕಿನಲ್ಲಿ ಆ ಕೂಗು ತಂಡಕ್ಕೆಲ್ಲ ಕೇಳಿತು. ಯಾರು, ಏನು ಅಂತ ಕೇಳದೆ ಎಲ್ಲರೂ ಎಡಕ್ಕೆ ತಿರುಗಿ ಹೊಡೆದರು. ಪೊದೆಯಲ್ಲಿದ್ದವನು ಬಿದ್ದ. ಅಲ್ಲಿಂದ ಆಟ ತಿರುಗಿತು, ಪಂದ್ಯ ಗೆದ್ದರು. ನನಗೆ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಸ್ಪೀಕರಿನಲ್ಲಿ ತಂಡದ ಕ್ಯಾಪ್ಟನ್ ಹೇಳಿದ, "ನೀನು ಎಲ್ಲೂ ಹೋಗಂಗಿಲ್ಲ ಕಣೇ. ಮುಂದಿನ ಸುತ್ತಿಗೂ ನೀನೇ. ಹಂದಿ ಅಂಕಲ್ಲೂ ಬರ್ಬೇಕು."

ದಲ್ಲಾಳಿ

ಆಮೇಲೊಂದು ದಿನ ರೈತರು ಅಂಗಡಿಗೆ ಬಂದರು. ಜೊತೆಗೆ ಹಂಪಾಪುರದ ನೆಂಟರು, ಅವರ ಮಗಳು. ಆ ನೆಂಟರು ನನ್ನನ್ನು ನೋಡಿ, "ಯಜಮಾನ್ರು ಇಲ್ವಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ರೈತರು ರೇಗಿದರು.

"ಕಣ್ಣು ಕಾಣಕ್ಕಿಲ್ವೇನಯ್ಯಾ? ಇವ್ರೇ ಯಜಮಾನ್ರು. ರ‍್ಯಾಮು ಜೊತೆ ಹಾಕಿಸ್ಕೊ. ಚಿಕ್ ಡಬ್ಬಕ್ಕೇ ಜಾಸ್ತಿ ದುಡ್ಡು, ಬಾಯಿ ಮುಚ್ಕೊಂಡ್ ಕೊಡು. ತೂತು ಮುಚ್ಚಿದ್ಯೋ, ಮಗಳು ಬೆಂದೋಯ್ತಾಳೆ!"

ವ್ಯಾಪಾರ ಸಲೀಸಾಗಿ ಮುಗಿಯಿತು. ನೆಂಟರು ಡಬ್ಬಗಳನ್ನು ಗಾಡಿಗೆ ತುಂಬುವಾಗ ರೈತರು ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಟವಲ್ಲು ಹರಡಿದರು. ದಲ್ಲಾಳಿ ಕಾಸು ಕೇಳುತ್ತಾರೆ ಅಂದುಕೊಂಡೆ.

"ಕಾಸು ಬ್ಯಾಡ ಕಣವ್ವ," ಅಂದರು. "ಒಂದು ಮೈಕು ಮಡಗಿ ಇದ್ರ ಅಡೀಲಿ. ಮಗಳು ಅವ್ಳದ್ದ ಮುಟ್ಟಕ್ಕೆ ಬುಡಲ್ಲ. ನಾಳೆ ನಮ್ ಮ್ಯಾಚೈತೆ."