ಮಾತು ಬಿಟ್ಟವರಿಗೆ ಚರ್ಪು ಇಲ್ಲ

ಬೈಯಬೇಕೆಂದು ಬಾಯಿ ತೆರೆದರೆ 'ಥ್ಯಾಂಕ್ ಯೂ' ಎಂದು ಹೊರಬರುವ ಹೆಂಗಸರ ಕುಲವೊಂದಿದೆ. ನಾನು ಆ ಕುಲದಲ್ಲಿ ಹುಟ್ಟಿದವಳಲ್ಲ. ಮೈಸೂರಿನ ಕಾನ್ವೆಂಟೊಂದು ಹತ್ತು ವರ್ಷ ಕಷ್ಟಪಟ್ಟು ನನ್ನನ್ನು ಅದಕ್ಕೆ ಸೇರಿಸಿತು. ಸಿಸ್ಟರು ಕ್ಲಾಸಿನಿಂದ ಆಚೆ ಕಾಲಿಟ್ಟ ಕೂಡಲೇ ನಮ್ಮ ಕ್ಲಾಸ್ ಲೀಡರು ಚಾಕ್‌ಪೀಸು ಹಿಡಿದು ಬೋರ್ಡಿನ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುತ್ತಿದ್ದಳು. ಎಚ್ಚರಿಕೆಯ ಮೇಲೂ ಮಾತಾಡಿದವರ ಹೆಸರಿನ ಮುಂದೆ ಒಂದು ನಕ್ಷತ್ರ, ಕನ್ನಡದಲ್ಲಿ ಮಾತಾಡಿದವರಿಗೆ ಎರಡು. ನನ್ನ ಹೆಸರು ಒಂದು ಸಲವೂ ಆ ಮೂಲೆಗೆ ಏರಲಿಲ್ಲ. ಈ ಮಹಾಮೌನಕ್ಕಾಗಿ ಸ್ಕೂಲ್ ಡೇ ದಿನ ನನಗೆ ಪಿಂಗಾಣಿಯ ದೇವದೂತೆಯೊಂದನ್ನು ಬಹುಮಾನವಾಗಿ ಕೊಟ್ಟರು. ರೆಕ್ಕೆಯ ತುದಿ ಒಂದಿಷ್ಟು ಚಕ್ಕೆ ಎದ್ದಿದೆ. ಈಗಲೂ ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಅದನ್ನು ದಶಾವತಾರದ ಪಕ್ಕದಲ್ಲಿ ಇಡುತ್ತೇನೆ. ಕಲ್ಕಿಯ ನಂತರ ಹನ್ನೊಂದನೆಯ ಅವತಾರದಂತೆ ಕೈ ಮುಗಿದುಕೊಂಡು ಸುಮ್ಮನೆ ನಿಂತಿರುತ್ತದೆ.

ಇಂಥ ನಾನು ಮದುವೆಯಾಗಿ ಬಂದಿಳಿದದ್ದು ವಾಕ್ ಸ್ವಾತಂತ್ರ್ಯದ ತವರುಮನೆ ಎಂದು ಹೆಸರಾದ ದೇಶಕ್ಕೆ. ಫ್ರೀಮಾಂಟಿನಲ್ಲಿ ನಮ್ಮದು ಮೂಲೆ ಮನೆ. ಬಾಡಿಗೆಯದಾದರೂ ಮುಂದೆ ಎರಡು ಬೀದಿಗೆ ಕಾಣುವ ಹಸಿರು ಹುಲ್ಲು. ನಮ್ಮ ಯಜಮಾನರು ದುಡಿಯುತ್ತಿದ್ದ ಹೊಸ ಕಂಪನಿ ಇಂಟರ್ನೆಟ್ಟಿನಲ್ಲಿ ತರಕಾರಿ ಮಾರುತ್ತಿತ್ತು. ಆ ಉದ್ಯೋಗದ ಭರದಲ್ಲಿ ಸ್ವಂತ ಮನೆಗೆ ಒಂದು ಕಟ್ಟು ಕೊತ್ತಂಬರಿ ತರಲು ಅವರಿಗೆ ಪುರುಸೊತ್ತಿರಲಿಲ್ಲ. ನನಗೆ ಕೆಲಸ ಮಾಡುವ ಪರ್ಮಿಟ್ಟಿಲ್ಲ, ಫ್ರೀವೇ ಮೇಲೆ ಕಾರು ಓಡಿಸುವ ಎದೆಯಿಲ್ಲ. ಮಗಳು ಪಲ್ಲವಿ ಸ್ಕೂಲಿಗೆ ಹೋದಮೇಲೆ ನನ್ನ ಪಾಲಿಗೆ ಅಮೆರಿಕವೆಂದರೆ ಇಬ್ಬರೇ: ಒಂದು ಬೀದಿಯ ಕಡೆ ಎಡಮನೆಯ ಲಿಂಡಾ, ಇನ್ನೊಂದು ಬೀದಿಯ ಕಡೆ ಬಲಮನೆಯ ಬೆಟ್ಟಿ. ಲಿಂಡಾ ನಿವೃತ್ತ ಲೈಬ್ರೇರಿಯನ್. ಕನ್ನಡಕಕ್ಕೆ ಮಣಿಸರ, ಮಂಡಿಯ ಮೇಲೆ ಸದಾ ಬೆಕ್ಕಿನ ಕೂದಲು. ಬೆಟ್ಟಿ ನಿವೃತ್ತ ನರ್ಸು, ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಬೆಳಿಗ್ಗೆ ಎದ್ದು ಬಾಗಿಲ ಮುಂದಿನ ಬಾವುಟದ ಮಡಿಕೆಯನ್ನು ಅಂಗೈಯಲ್ಲಿ ಇಸ್ತ್ರಿ ಮಾಡಿದಂತೆ ಸವರುತ್ತಾಳೆ. ನನಗೆ ಜ್ವರ ಬಂದಾಗ ಒಬ್ಬಳು ಸೂಪು ತಂದರೆ ಇನ್ನೊಬ್ಬಳು ಥರ್ಮಾಮೀಟರು ತಂದಳು. ಪ್ರತಿ ನವರಾತ್ರಿಗೂ ಇಬ್ಬರೂ ಒಟ್ಟಿಗೆ ಬಂದು, ನಮ್ಮ ಸೋಫಾದಲ್ಲಿ ಪಕ್ಕಪಕ್ಕ ಕೂತು, ಕಡಲೆಕಾಳಿನ ಉಸಲಿಯನ್ನು ಚಮಚದಲ್ಲಿ ತಿಂದು, ಪಟ್ಟದ ಗೊಂಬೆಯ ರಾಜನ ಮೀಸೆ ಹೋದ ವರ್ಷಕ್ಕಿಂತ ಸ್ವಲ್ಪ ಮಾಸಿದೆಯಲ್ಲವೇ ಎಂದು ಚರ್ಚಿಸುತ್ತಿದ್ದರು.

ಅಷ್ಟರಲ್ಲಿ ಬಂತು ನೋಡಿ, ಅಧ್ಯಕ್ಷರ ಚುನಾವಣೆ.

ಮೊದಲು ಲಿಂಡಾ ಬಂದಳು. ಕೈಯಲ್ಲಿ ತಂತಿಕಾಲಿನ ಒಂದು ಬೋರ್ಡು. "ಸುಮಿ, ನಿನ್ನದು ಮೂಲೆ ಮನೆ, ಎಲ್ಲರಿಗೂ ಕಾಣುತ್ತೆ. ಇದನ್ನು ನಿನ್ನ ಹುಲ್ಲಿನಲ್ಲಿ ನೆಡಲೇ?" ಎಂದಳು. ಮನೆ ಬಾಗಿಲಿಗೆ ಬಂದವರು ಏನನ್ನಾದರೂ ಕೊಟ್ಟರೆ ಬೇಡ ಎನ್ನಬಾರದೆಂದು ಅಮ್ಮ ಕಲಿಸಿದ್ದರು. ಪ್ಲೀಸ್ ಎಂದು ಹೇಳಬೇಕೆಂದು ಸಿಸ್ಟರು ಕಲಿಸಿದ್ದರು. ಎರಡನ್ನೂ ಪಾಲಿಸಿದೆ. "ಅಯ್ಯೋ, ನೆಡಿ, ಪ್ಲೀಸ್. ಕಾಫಿ ಕುಡಿದು ಹೋಗಿ." ಮಾರನೆಯ ದಿನ ಬೆಟ್ಟಿ ಬಂದಳು, ಎದುರು ಪಕ್ಷದ ಬೋರ್ಡಿನೊಂದಿಗೆ. ನಿನ್ನೆ ಒಬ್ಬರಿಗೆ ಕುಂಕುಮ ಕೊಟ್ಟು ಇವತ್ತು ಇನ್ನೊಬ್ಬರಿಗೆ ಇಲ್ಲ ಎನ್ನಲಾದೀತೇ? "ನೆಡಿ, ಪ್ಲೀಸ್" ಎಂದೆ.

ಯಜಮಾನರು ಮನೆಗೆ ಬಂದವರು ಕಾರಿನಿಂದ ಇಳಿಯದೆ ಹೆಡ್‌ಲೈಟಿನಲ್ಲಿ ಆ ಎರಡನ್ನೂ ಓದಿದರು. "ಏನೇ ಇದು? ನಮಗೆ ವೋಟೇ ಇಲ್ಲ, ವೋಟಿಲ್ಲದ ಮನೆ ಮುಂದೆ ಎರಡೆರಡು ಪಕ್ಷ! ಗ್ರೀನ್ ಕಾರ್ಡು ಇನ್ನೂ ಪೆಂಡಿಂಗಲ್ಲಿದೆ. ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯ?"

"ಇಬ್ಬರೂ ನಮ್ಮೋರೇ ಅಂತೀನಿ."

"ಹಾಗಂದ್ರೆ ಇಬ್ಬರೂ ಹೊಡೀತಾರೆ ಕಣೇ," ಎಂದು ಅವರು ಕಂಪ್ಯೂಟರಿನ ಮುಂದೆ ಕೂತು ಟೊಮೇಟೊ ಮಾರಲು ಹೋದರು.

ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವಾಯಿತು. ಒಂದು ಬೆಳಿಗ್ಗೆ ಬೆಟ್ಟಿಯ ಬೋರ್ಡು ಲಿಂಡಾಳ ಬೋರ್ಡಿನ ಮುಂದಕ್ಕೆ ಸರಿದಿತ್ತು. ಮರುದಿನ ಲಿಂಡಾಳದು ಅದಕ್ಕಿಂತ ಮುಂದೆ. ಹೀಗೇ ಮುಂದೆ ಮುಂದೆ ಬಂದು ಎರಡೂ ಫುಟ್‌ಪಾತಿನ ಅಂಚಿಗೆ ಬಂದು ನಿಂತವು. ಇನ್ನು ಜಾಗವಿಲ್ಲವೆಂದಾದಾಗ ಎತ್ತರ ಶುರುವಾಯಿತು. ಒಂದಕ್ಕೆ ಪೊರಕೆಯ ಹಿಡಿಕೋಲಿನ ಕಾಲು ಬಂತು, ಇನ್ನೊಂದಕ್ಕೆ ಟೊಮೇಟೊ ಗಿಡಕ್ಕೆ ಆಸರೆ ಕೊಡುವ ಕೋಲು. ಇದರ ನಡುವೆ ತೂತು ಬಿದ್ದದ್ದು ಯಾರ ಹುಲ್ಲಿಗೆ? ಕೊನೆಗೆ ಒಂದು ಸಂಜೆ ನಾನು ಪೈಪು ಹಿಡಿದು ನೀರು ಹಾಕುತ್ತಿರುವಾಗ ಇಬ್ಬರೂ ತಂತಮ್ಮ ಡ್ರೈವ್‌ವೇನಲ್ಲಿ ನಿಂತು, ನನ್ನ ತಲೆಯ ಮೇಲಿಂದ, 'ನಿಮ್ಮಂಥವರಿಂದಲೇ ದೇಶ ಹಾಳಾದದ್ದು' ಎಂದು ಪರಸ್ಪರ ಕೂಗಿಕೊಂಡರು. ನಾನು ಯಾರ ಪಕ್ಷವೆಂದು ತಿಳಿಯದೆ ಇಬ್ಬರಿಗೂ ನಕ್ಕೆ. ಪೈಪಿನ ನೀರು ಒಂದೇ ಕಡೆ ಹರಿದು ಗುಲಾಬಿ ಗಿಡದ ಬುಡ ಕೆರೆಯಾಯಿತು.

ಅಲ್ಲಿಂದ ಮಾತು ಬಂದ್. ಗೊಂಬೆ ಹಬ್ಬಕ್ಕೆ ಕರೆಯಲು ಹೋದರೆ ಲಿಂಡಾ, "ಅವಳು ಬರುತ್ತಾಳೇನು? ಹಾಗಾದರೆ ನಾನು ಬರುವುದು ಕಷ್ಟ, ಸುಮಿ" ಎಂದಳು. ಬೆಟ್ಟಿಯೂ ಅದನ್ನೇ ಅಂದಳು, ಜೊತೆಗೆ ಒಂದು ತುಂಡು ಕೇಕು ಕೊಟ್ಟಳು. ಕೇಕು ಹಿಡಿದು ಮನೆಗೆ ಬಂದವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಹತ್ತು ವರ್ಷದ ಕಾನ್ವೆಂಟು ಅಡಗಿಸಿಟ್ಟ ಸಿಟ್ಟು, ಸಣ್ಣದಲ್ಲ. ಅಲ್ಲ, ಇವರ ಮಾತಿನ ಸ್ವಾತಂತ್ರ್ಯವಾದರೂ ಎಂಥದ್ದು ನೋಡಿ. ಹಿಂದೊಮ್ಮೆ ಲಿಂಡಾ ನನ್ನನ್ನು ಬರ್ಕ್ಲಿ ಯೂನಿವರ್ಸಿಟಿಗೆ ಕರೆದುಕೊಂಡು ಹೋಗಿದ್ದಳು, ಪ್ರತಿಭಟನೆ ಎಂದರೆ ಏನೆಂದು ತೋರಿಸಲು. ವಿದ್ಯಾರ್ಥಿಗಳೆಲ್ಲ ಎಷ್ಟು ಚೆನ್ನಾಗಿ ಸೇರಿದ್ದರು! ಒಬ್ಬ ಹುಡುಗಿ ವಾಕ್ ಸ್ವಾತಂತ್ರ್ಯದ ಬಗ್ಗೆ ಕಣ್ಣು ತುಂಬಿ ಮಾತಾಡಿದಳು, ನಾನೂ ಕಣ್ಣೊರೆಸಿಕೊಂಡೆ. ಆಮೇಲೆ ಎದುರು ಪಕ್ಷದವನೊಬ್ಬ ಮೈಕು ಹಿಡಿದ. ಅವನು 'ಗುಡ್ ಆಫ್ಟರ್‌ನೂನ್' ಎನ್ನುವುದರೊಳಗೆ ಅದೇ ಹುಡುಗಿ ಬಕೆಟ್ಟು ಕವುಚಿ ಡೊಳ್ಳು ಬಾರಿಸಲು ಶುರುಮಾಡಿದಳು. ಆತ ಅರ್ಧ ಗಂಟೆ ಬಾಯಾಡಿಸಿದ, ಒಂದಕ್ಷರ ಕೇಳಲಿಲ್ಲ. ಸರಿ, ಇತ್ತ ಬೆಟ್ಟಿಯ ಅಡುಗೆಮನೆಗೆ ಹೋದರೆ ಅಲ್ಲೊಂದು ರೇಡಿಯೋ. ಅದರೊಳಗೊಬ್ಬ ಮಹಾಶಯ, 'ನಮ್ಮಂಥವರಿಗೆ ಈ ದೇಶದಲ್ಲಿ ಮಾತಾಡಲು ಬಿಡುತ್ತಿಲ್ಲ' ಎಂದು ದಿನಕ್ಕೆ ಮೂರು ಗಂಟೆ ಮಾತಾಡುತ್ತಾನೆ. ಬೇರೆಯವರು ಫೋನು ಮಾಡಿದರೆ ಅರ್ಧಕ್ಕೇ ಕುಕ್ಕುತ್ತಾನೆ. ನಮ್ಮ ಕ್ಲಾಸ್ ಲೀಡರಾದರೂ ವಾಸಿ, ಎಲ್ಲರ ಹೆಸರನ್ನೂ ಬರೆಯುತ್ತಿದ್ದಳು. ಇಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚಾಕ್‌ಪೀಸು. ಬರೆಯುವುದು ಎದುರಿನವರ ಹೆಸರು ಮಾತ್ರ. ಎಲ್ಲರಿಗೂ ಮಾತಾಡುವ ಹಕ್ಕು ಬೇಕು, ಕೇಳಿಸಿಕೊಳ್ಳುವ ಕರ್ಮ ಮಾತ್ರ ನನ್ನಂಥ ವೋಟಿಲ್ಲದವಳಿಗೆ! ಇವರ ಅಧ್ಯಕ್ಷ ಯಾರಾದರೆ ನನಗೇನು? ಗೆದ್ದ ಅಧ್ಯಕ್ಷರು ಬಂದು ನನಗೆ ಜ್ವರ ಬಂದಾಗ ಸೂಪು ತರುತ್ತಾರೆಯೇ?

ಹಾಗಾಗಿ ನಾನೂ ಒಂದು ಬೋರ್ಡು ಬರೆದೆ. ಯಜಮಾನರ ಕಂಪ್ಯೂಟರಿನ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಗೊಂಬೆ ಮೆಟ್ಟಿಲಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣದಲ್ಲಿ, ಗುಂಡಗೆ, ಕಾಪಿಪುಸ್ತಕದ ಅಕ್ಷರಗಳಲ್ಲಿ ಬರೆದೆ: 'ಇದು ವೋಟಿಲ್ಲದವರ ಮನೆ. ನಿಮ್ಮ ಜಗಳ ನಿಮ್ಮ ಹುಲ್ಲಿನ ಮೇಲೆ ಆಡಿಕೊಳ್ಳಿ. ಗೊಂಬೆ ನೋಡಲು ಇಬ್ಬರೂ ಬನ್ನಿ. ಮಾತು ಬಿಟ್ಟವರಿಗೆ ಚರ್ಪು ಇಲ್ಲ.' ಚರ್ಪು ಎಂದರೆ ಗೊಂಬೆ ನೋಡಲು ಬಂದವರ ಕೈಗೆ ನಾವು ಕೊಡುವ ತಿಂಡಿ. ಅದನ್ನು ಕೊಡುವುದಿಲ್ಲವೆಂದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಧಮಕಿಯಿಲ್ಲ. ಬರೆದದ್ದನ್ನು ಎರಡು ಬೋರ್ಡುಗಳ ನಟ್ಟನಡುವೆ ನೆಟ್ಟೆ.

ಪಲ್ಲವಿ ಸ್ಕೂಲ್ ಬ್ಯಾಗು ಇಳಿಸದೆ ನಿಂತು ನೋಡಿದಳು. "ಅಮ್ಮಾ, ನೋಬಡಿ ಹಿಯರ್ ಕ್ಯಾನ್ ರೀಡ್ ಕನ್ನಡ."

"ಅದಕ್ಕೇ ಕನ್ನಡದಲ್ಲಿ ಬರೆದದ್ದು," ಎಂದೆ. ಯಾರಿಗೂ ಅರ್ಥವಾಗದಂತೆ ಬಂಡಾಯ ಏಳುವುದರಲ್ಲಿ ಒಂದು ನೆಮ್ಮದಿಯಿದೆ, ನೀವೂ ಒಮ್ಮೆ ಪ್ರಯತ್ನಿಸಿ ನೋಡಿ.

ಆದರೆ ಆದದ್ದೇನು? ಬೆಳಿಗ್ಗೆ ಲಿಂಡಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಭಾಷೆಯಲ್ಲೇ ನಮ್ಮವರಿಗೆ ಪ್ರಚಾರ! ಎಷ್ಟು ಮುದ್ದಾದ ಲಿಪಿ!" ಮಧ್ಯಾಹ್ನ ಬೆಟ್ಟಿ ಬೇಲಿಯಾಚೆಯಿಂದ ಕಣ್ಣು ಮಿಟುಕಿಸಿದಳು. "ಗೊತ್ತಾಯಿತು ಹನಿ, ನೀನು ಯಾರ ಕಡೆಯೆಂದು ನನಗೆ ಮೊದಲೇ ಗೊತ್ತಿತ್ತು." ಇಬ್ಬರಿಗೂ ನಕ್ಕೆ. ಮೂರು ದಿನ ನನ್ನ ಬೋರ್ಡು ಎರಡೂ ಪಕ್ಷಕ್ಕೆ ಪ್ರಚಾರ ಮಾಡಿತು. ನನ್ನ ಸಿಟ್ಟು ಇಷ್ಟು ಜನಪ್ರಿಯವಾಗುತ್ತದೆಂದು ನಾನೆಣಿಸಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ, ಇಬ್ಬರೂ ತಂತಮ್ಮ ಬೋರ್ಡು ನೆಟ್ಟಗೆ ಮಾಡಲು ಒಂದೇ ಹೊತ್ತಿಗೆ ನನ್ನ ಹುಲ್ಲಿಗೆ ಬಂದು, ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದಾಗ, ಆ ಕಡೆಯಿಂದ ನಡಾಫ್ ಮಾಸ್ತರರು ವಾಕಿಂಗ್ ಬಂದರು. ಹುಬ್ಬಳ್ಳಿಯಲ್ಲಿ ಗಣಿತ ಹೇಳಿ ನಿವೃತ್ತರಾದವರು, ಹಿಂದಿನ ಬೀದಿಯ ಮಗಳ ಮನೆಗೆ ಬಂದಿದ್ದರು. ನನಗೆ ಮುಖಪರಿಚಯ ಮಾತ್ರ. ಬೋರ್ಡು ಕಂಡದ್ದೇ ಅವರ ಕಾಲು ನಿಂತಿತು. ಸ್ವೆಟರಿನ ಜೇಬಿನಿಂದ ಕನ್ನಡಕ ತೆಗೆದು ಗಟ್ಟಿಯಾಗಿ ಓದಿದರು, ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏ ತಂಗಿ, ಯಾರ್ರೀ ಇದನ್ನ ಬರದಾವ್ರು, ನೀವಽನು? ಭಾಳ ಛಲೋ ಬರದೀರಿ ಬಿಡ್ರಿ! ಈ ಊರಾಗ ಬೀದಿ ಮ್ಯಾಲೆ ಕನ್ನಡ ಬೋರ್ಡ್ ನೋಡಿ ನಂದು ಒಂದು ಹಿಡಿ ರಕ್ತ ಹೆಚ್ಚಾತು ನೋಡ್ರಿ."

"ಮೆಲ್ಲಗೆ ಸಾರ್," ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಮಾಸ್ತರರಿಗೆಲ್ಲಿ ಕಣ್ಣಿನ ಭಾಷೆ! ಬೆಟ್ಟಿ, "ಏನು ಬರೆದಿದೆ?" ಎಂದು ಕೇಳಿದ್ದೇ ತಡ, ಕೈಕೋಲಿನಿಂದ ಒಂದೊಂದು ಪದವನ್ನೂ ಕುಟ್ಟಿ ತೋರಿಸುತ್ತ, ಹಿಂದಿನ ಬೆಂಚಿಗೂ ಕೇಳುವಂತೆ, ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಚರ್ಪು ಎಂದರೇನೆಂದು ನನ್ನನ್ನೇ ಕೇಳಿಕೊಂಡು ಅದನ್ನೂ ಸೇರಿಸಿದರು.

ಆಮೇಲೆ ಲಿಂಡಾ ಬಹಳ ನೊಂದ ದನಿಯಲ್ಲಿ, "ಇದನ್ನು ನೀನು ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಸುಮಿ?" ಎಂದಳು. "ಹೌದು, ಹೇಳಬಹುದಿತ್ತು," ಎಂದಳು ಬೆಟ್ಟಿ.

ಆ ಹೊತ್ತಿಗೆ ನನ್ನೊಳಗೆ ಏನು ಕಿತ್ತುಕೊಂಡಿತೋ ಕಾಣೆ. "ಎಕ್ಸ್‌ಕ್ಯೂಸ್ ಮಿ, ಪ್ಲೀಸ್," ಎಂದೆ. ಸಿಟ್ಟಿನಲ್ಲೂ ಅಷ್ಟು ಬಂದೇಬಿಟ್ಟಿತು. "ಹೇಳೋಣವೆಂದರೆ ನೀವಿಬ್ಬರೂ ಬಾಯಿ ಮುಚ್ಚಿದ್ದು ಯಾವಾಗ? ನಿಮಗೆ ನನ್ನ ಹುಲ್ಲು ಬೇಕು, ನನ್ನ ಮೂಲೆ ಬೇಕು. ನಾನು ಏನೆನ್ನುತ್ತೇನೆ ಎಂದು ಒಬ್ಬರಾದರೂ ಕೇಳಿದಿರಾ? ಇಲ್ಲಿ ನನಗೆ ಅಕ್ಕ ತಂಗಿ ಅಂತ ಇರುವುದು ನೀವಿಬ್ಬರೇ. ನೀವು ಮಾತು ಬಿಟ್ಟರೆ ನಾನು ಯಾರ ಮನೆಗೆ ಹೋಗಲಿ? ಯಾರ ಹತ್ತಿರ ಮಾತಾಡಲಿ? ಗುಲಾಬಿ ಗಿಡದ ಹತ್ತಿರವೇ?" ಇಷ್ಟು ಹೇಳಿ ಎರಡು ಬೋರ್ಡುಗಳನ್ನೂ ಕಿತ್ತು, ಮಣ್ಣು ಒರೆಸಿ, ತಾಂಬೂಲ ಕೊಟ್ಟಂತೆ ಬಲಗೈಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. "ಥ್ಯಾಂಕ್ ಯೂ," ಎಂದು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಹೊರಗೆ ಮಾಸ್ತರರು ಒಬ್ಬರೇ ಚಪ್ಪಾಳೆ ತಟ್ಟುವುದು ಕೇಳಿಸಿತು.

ಗೊಂಬೆ ಸಂಜೆಗೆ ಯಾರೂ ಬರುವುದಿಲ್ಲವೆಂದೇ ಉಸಲಿಗೆ ಕಡಲೆಕಾಳು ಕಮ್ಮಿ ನೆನೆಹಾಕಿದ್ದೆ. ಮೊದಲು ನಡಾಫ್ ಮಾಸ್ತರರು ಬಂದರು. ಆಮೇಲೆ ಬೆಟ್ಟಿ ಬಂದು ಸೋಫಾದ ಬಲತುದಿಯಲ್ಲಿ ಕೂತಳು. ಆಮೇಲೆ ಲಿಂಡಾ ಬಂದು ಎಡತುದಿಯಲ್ಲಿ ಕೂತಳು. ನಡುವೆ ಮೂವರು ಕೂರುವಷ್ಟು ಜಾಗ, ತುಟಿ ಬಿಚ್ಚಿದವರಿಲ್ಲ. ನನ್ನ ಕೈಯಲ್ಲಿ ಚರ್ಪಿನ ತಟ್ಟೆ. ಬೋರ್ಡಿನಲ್ಲಿ ಬರೆದಮೇಲೆ ಬರೆದದ್ದೇ. ಮಾತಿಲ್ಲದೆ ಕೊಡುವ ಹಾಗಿಲ್ಲ. ಪಲ್ಲವಿ ನನ್ನ ಮುಖವನ್ನೂ ತಟ್ಟೆಯನ್ನೂ ನೋಡುತ್ತಿದ್ದಳು. ಮಾಸ್ತರರು ಮಾತ್ರ, "ನಂದಂತೂ ಯಾರ ಕೂಡಾನೂ ಜಗಳಿಲ್ರಿ," ಎಂದು ಕೈ ಚಾಚಿ ತಮ್ಮ ಪಾಲು ಪಡೆದರು.

ಲಿಂಡಾ ಗೊಂಬೆಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ನೋಡಿದಳು. ಅವಳ ಮುಖ ಬಿಗಿಯಿತು. "ಓ, ಕೊನೆಗೂ ನೀನೊಂದು ಪಕ್ಷ ಹಿಡಿದೆ," ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ಬೆರಳು ತೋರಿಸಿದಳು. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳ ಪಕ್ಕ, ಅಂಬಾರಿ ಹೊತ್ತ ದಸರಾ ಆನೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಮೂಲೆಯಲ್ಲಿ, ಅಗಸನ ಹಿಂದೆ, ಬಟ್ಟೆಗಂಟು ಹೊತ್ತ ಕತ್ತೆ. ಬೆಟ್ಟಿಯ ಪಕ್ಷದ ಗುರುತು ಆನೆ, ಲಿಂಡಾಳ ಪಕ್ಷದ ಗುರುತು ಕತ್ತೆ! ದೇವರಾಣೆ, ನನಗೆ ಹೊಳೆದೇ ಇರಲಿಲ್ಲ. ನಮ್ಮಜ್ಜಿಯ ಕಾಲದಿಂದ ಆನೆ ಮೇಲೆ, ಕತ್ತೆ ಕೆಳಗೆ. ಮಹಾರಾಜರು ಕೂರುವ ಆನೆಯನ್ನು ಅಗಸನ ಪಕ್ಕ ಇಡಲಾದೀತೇ?

ಬೆಟ್ಟಿ ಸೋಫಾದಲ್ಲಿ ಮುಂದಕ್ಕೆ ಬಾಗಿದಳು. "ಯಾರು ಚಿನ್ನ ಹೊರುತ್ತಾರೆ, ಯಾರು ಕೊಳೆಬಟ್ಟೆ ಹೊರುತ್ತಾರೆ ಎಂದು ಭಾರತದಲ್ಲೂ ಗೊತ್ತಿದೆ ನೋಡು, ಲಿಂಡಾ."

"ಕತ್ತೆ ಕೆಲಸವನ್ನಾದರೂ ಮಾಡುತ್ತಿದೆ, ಬೆಟ್ಟಿ. ನಿನ್ನ ಆನೆ ಒಬ್ಬ ಶ್ರೀಮಂತನನ್ನು ಹೊತ್ತು ಮೆರವಣಿಗೆ ಹೋಗುವುದು ಬಿಟ್ಟು ಇನ್ನೇನು ಮಾಡಿದೆ?"

"ವೆಯ್ಟ್! ದೇ ಆರ್ ಟಾಕಿಂಗ್!" ಎಂದು ಪಲ್ಲವಿ ಕಿರುಚಿದಳು. ನಾನು ತಡಮಾಡದೆ ಇಬ್ಬರ ಕೈಗೂ ಚರ್ಪು ಕೊಟ್ಟೆ. ಬಾಯಿ ತುಂಬ ಉಸಲಿಯಿಟ್ಟುಕೊಂಡು ಇಬ್ಬರೂ ಕತ್ತಲಾಗುವವರೆಗೆ ಜಗಳವಾಡಿದರು. ಜೋರು ಹೆಚ್ಚಾದಂತೆ ಸೋಫಾದ ನಡುವಿನ ಜಾಗ ಕಡಿಮೆಯಾಗುತ್ತ ಬಂತು. ದೂರದಿಂದ ಬೈದರೆ ಸರಿಯಾಗಿ ತಾಗುವುದಿಲ್ಲವಲ್ಲ. ಹೊರಡುವಾಗ ಒಬ್ಬರೂ ಅಭಿಪ್ರಾಯ ಬದಲಿಸಿರಲಿಲ್ಲ. ಇಬ್ಬರೂ ಎರಡನೆಯ ಸಲ ಚರ್ಪು ಕೇಳಿ ಕಟ್ಟಿಸಿಕೊಂಡರು.

ಮಾರನೆಯ ಬೆಳಿಗ್ಗೆ ಬೇಗ ಎದ್ದೆ. ಒಮ್ಮೆ ಕೂರಿಸಿದ ಗೊಂಬೆಯನ್ನು ಹಬ್ಬ ಮುಗಿಯುವವರೆಗೆ ಕದಲಿಸಬಾರದೆಂದು ನಮ್ಮ ಮನೆಯ ಕಟ್ಟಳೆ. ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು, ಅಗಸನ ಕತ್ತೆಯನ್ನು ಮೆಲ್ಲಗೆ ಎತ್ತಿ ನಡುವಿನ ಮೆಟ್ಟಿಲಿಗೇರಿಸಿದೆ. ಅಂಬಾರಿ ಸಮೇತ ಆನೆಯನ್ನು ಇಳಿಸಿ ಅದರ ಪಕ್ಕಕ್ಕೇ ತಂದೆ. ಮಧ್ಯೆ, ಜಗಳವಾಗದಿರಲೆಂದು, ಪಿಂಗಾಣಿಯ ದೇವದೂತೆಯನ್ನು ನಿಲ್ಲಿಸಿದೆ. ತಿರುಗಿ ನೋಡಿದರೆ ಪಲ್ಲವಿ ಹಾಲಿನ ಲೋಟ ಹಿಡಿದು ನಿಂತಿದ್ದಳು.

"ಅಮ್ಮಾ, ಆರ್ ಯೂ ಅಲೋಡ್ ಟು ಡು ದಟ್? ಅಜ್ಜಿ ಹೇಳಿದ್ದು..."

"ಇದು ಸ್ವತಂತ್ರ ದೇಶ ಕಣೇ," ಎಂದೆ. "ಬಾಯಿ ಮುಚ್ಕೊಂಡು ಹಾಲು ಕುಡಿ."