ದನಿ ಬಂತು, ಚಿತ್ರ ಬರಲಿಲ್ಲ

ನನ್ನ ದೊಡ್ಡ ನಿರ್ಧಾರಗಳೆಲ್ಲ ಆಗುವುದು ಮಧ್ಯಾಹ್ನದ ಊಟ ಮುಗಿದು ಕಣ್ಣು ಅರ್ಧ ಮುಚ್ಚಿರುವಾಗ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಿಡಿಯೊ ಎಡಿಟಿಂಗ್ ಕಲಿಯಬೇಕೆಂದು ಹೊಳೆದದ್ದೂ ಹಾಗೆಯೇ. ಭದ್ರಾವತಿಯಲ್ಲಿರುವ ಅಕ್ಕನಿಗೆ ಅರವತ್ತು ತುಂಬುತ್ತಿತ್ತು. ತೀರಿಕೊಂಡ ಅಮ್ಮ ಮಾತಾಡಿದ ಒಂದೇ ಒಂದು ವಿಡಿಯೊ ನನ್ನ ಹಳೆಯ ಕ್ಯಾಮೆರಾದಲ್ಲಿ ಇದೆಯೆಂದು ನೆನಪು. ಅದನ್ನು ಚೆಂದ ಮಾಡಿ, ಹಿನ್ನೆಲೆಗೆ ಕೊಳಲು ಸೇರಿಸಿ ಅಕ್ಕನಿಗೆ ತೋರಿಸುವ ದೃಶ್ಯವನ್ನು ಶಿವಮೊಗ್ಗದ ನಮ್ಮ ಮನೆಯ ಆರಾಮಕುರ್ಚಿಯಲ್ಲೇ ಕಂಡು, ಮುಂಗಡವಾಗಿ ಗದ್ಗದಿತನಾದೆ.

ಆದರೆ ಕ್ಯಾಮೆರಾದಿಂದ ಫೈಲು ಇಳಿಸಿಕೊಂಡರೆ, ಕಂಪ್ಯೂಟರು ಈ ಫಾರ್ಮ್ಯಾಟ್ ತನಗಾಗದು ಎಂದಿತು. ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ, ಅದರ ಮುಂದೆ ಮೂರಕ್ಷರ. ಅದಕ್ಕೆ ಬೇಕಾದದ್ದು ಬೇರೆ ಮೂರಕ್ಷರ. ಇಷ್ಟೇ ತಾನೆ ಎಂದು ಹಳೆಯದನ್ನು ಅಳಿಸಿ ಹೊಸದನ್ನು ಟೈಪು ಮಾಡಿದೆ. ಹೆಂಡತಿ ಇಣುಕಿ ನೋಡಿ, "ಉಪ್ಪಿನ ಡಬ್ಬಿ ಮೇಲೆ ಸಕ್ಕರೆ ಅಂತ ಬರೆದ್ರೆ ಕಾಫಿ ಸಿಹಿ ಆಗುತ್ತೇನ್ರೀ?" ಎಂದಳು. ಉತ್ತರಿಸುವಷ್ಟರಲ್ಲಿ ದನಿ ಬಂತು. ಅಮ್ಮನ ದನಿ! ಪರದೆ ಮಾತ್ರ ಪೂರ್ತಿ ಕಪ್ಪು.

ದನಿಯನ್ನಾದರೂ ಅಕ್ಕನಿಗೆ ಕೇಳಿಸೋಣವೆಂದು ಲ್ಯಾಪ್‌ಟಾಪ್ ಹಿಡಿದು ಭದ್ರಾವತಿಯ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವಾಗ ಕಿಟಕಿಯ ಗಾಳಿಗೆ ಜೊಂಪು ಹತ್ತಿ, ಅಮ್ಮನೇ ನನ್ನ ತೊಡೆಯ ಮೇಲೆ ಪುಟ್ಟ ಮಗುವಾಗಿ ಕೂತಂತಿತ್ತು.

ಅಕ್ಕ ಕಪ್ಪು ಪರದೆಯ ಮುಂದೆ ಕೂತಳು. "ಇನ್ನೊಂಚೂರು ಅನ್ನ ಹಾಕಿಸ್ಕೊಳ್ಳೇ, ಗಾಳಿಗೆ ಹಾರೋ ಹಂಗಿದೀಯ," ಎನ್ನುತ್ತಿದ್ದಳು ಅಮ್ಮ. ಅಕ್ಕ ಕಣ್ಣು ಮುಚ್ಚಿದಳು. "ನಂಗೇ ಹೇಳಿದ್ದು ಕಣೋ. ಅವತ್ತು ಹಸಿರು ಸೀರೆ ಉಟ್ಟಿದ್ಲು." ನನಗೆ ಅದೇ ಕತ್ತಲಲ್ಲಿ ಅಮ್ಮ ನೀಲಿ ಸೀರೆಯಲ್ಲಿ ಕಾಣುತ್ತಿದ್ದಳು, ವಾದಿಸಲು ಮನಸ್ಸಾಗಲಿಲ್ಲ. ಏಳು ನಿಮಿಷ ನಾವಿಬ್ಬರೂ ಭದ್ರಾವತಿಯಲ್ಲಿರಲಿಲ್ಲ.

ಅಲ್ಲಿಗೇ ಬಿಡಬಹುದಿತ್ತು. ಚಿತ್ರ ತಂದೇ ತರುತ್ತೇನೆಂದು ಹಟ ಹಿಡಿದು, ಫೈಲನ್ನು ನಿಜವಾಗಿಯೂ ಬದಲಿಸುವ ತಂತ್ರಾಂಶ ಇಳಿಸಿಕೊಂಡೆ. ಎಲ್ಲರ ಜೊತೆಯಲ್ಲೇ ಮೊದಲ ಸಲ ನೋಡೋಣವೆಂದು ಕಾದಿದ್ದು, ಅಕ್ಕನ ಹುಟ್ಟುಹಬ್ಬದ ದಿನ ಹಾಕಿದೆ.

ಚಿತ್ರ ಬಂತು. ಅಮ್ಮ ಇರಲಿಲ್ಲ. ನಾನು ಆಫ್ ಮಾಡದೆ ಮೇಜಿನ ಮೇಲಿಟ್ಟಿದ್ದ ಕ್ಯಾಮೆರಾ ಗೋಡೆಯ ಕನ್ನಡಿಯತ್ತ ಮುಖ ಮಾಡಿತ್ತು. ಅಮ್ಮ ಒಳಗೆಲ್ಲೋ ಬಡಿಸುತ್ತಿದ್ದಳು. ಕನ್ನಡಿಯ ಮುಂದೆ ನಾನು ಏಳೂ ನಿಮಿಷ ತಲೆ ಬಾಚಿಕೊಳ್ಳುತ್ತಿದ್ದೆ. ಭಾವ ಬಿದ್ದು ಬಿದ್ದು ನಕ್ಕರು.

"ಸಾಕು ನಿಲ್ಸು ಮಾರಾಯ," ಎಂದಳು ಅಕ್ಕ. "ಆ ಕಪ್ಪು ವಿಡಿಯೊನೇ ಹಾಕು. ಅದ್ರಲ್ಲಿ ಅಮ್ಮ ಚೆನ್ನಾಗಿ ಕಾಣ್ತಾಳೆ."

ಹಾಕಿದೆ. ಬಣ್ಣದ್ದನ್ನು ಅಳಿಸಿಬಿಡು ಎಂದಳು. ಅಳಿಸಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಹಾಕಿಕೊಂಡು ಕೂರುತ್ತೇನೆ. ಅಮ್ಮನ ದನಿ ಕೇಳಲಿಕ್ಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಮ್ಮ ಹತ್ತಿರ ಸುಳ್ಳೇಕೆ? ಎಷ್ಟೊಂದು ಕೂದಲಿತ್ತು ನನಗೆ!